ಹೋದ ವರ್ಷ ತಗೊಂಡ ರಕ್ತ ಏನಾಯ್ತು ಅಂತ ತಾಂಡಾದಲ್ಲಿ ಕೇಳುತ್ತಿದ್ದಾರೆ, ಏನು ಹೇಳಲಿ?

ಪ್ರಶ್ನೆ: ಚಿಂಚೋಳಿ ಬಸ್ಸು

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂಎಸ್‌ಡಬ್ಲ್ಯೂ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಚಿಂಚೋಳಿ ಕಡೆಯ ಒಂದು ತಾಂಡಾ ಆರಿಸಿಕೊಂಡಿದ್ದೇನೆ. ವಿಷಯ, ಹೆಂಗಸರ ರಕ್ತಹೀನತೆ. ಹೋದ ವಾರ 42 ಪ್ರಶ್ನೆಗಳ ಫಾರಂ ಹಿಡಿದು ಹೋದೆ. ಮೂರನೇ ಮನೆಯಲ್ಲೇ ಸಿಕ್ಕಿಬಿದ್ದೆ. ತೊಗರಿಬೇಳೆ ಹಸನು ಮಾಡುತ್ತಿದ್ದ ಅಜ್ಜಿಯೊಬ್ಬರು ಮೊರ ಕೆಳಗಿಡಲೇ ಇಲ್ಲ. "ಹೋದ ವರ್ಷಾನೂ ನಿನ್ನಂಗೇ ಹುಡುಗ್ಯಾರು ಬಂದಿದ್ರು. ಬೆರಳು ಚುಚ್ಚಿ ರಕ್ತ ತಗೊಂಡು ಹೋದ್ರು. ಏನಾತು ಅಂತ ಹೇಳ್ಲಾಕ ಯಾರೂ ಬರ್ಲಿಲ್ಲ. ಮದ್ಲ ಅದನ್ನ ತಾ, ಆಮ್ಯಾಲ ನಿನ್ನ ಕಾಗದ" ಅಂದರು.

ನಮ್ಮ ಗೈಡ್ ಸರ್, ಅಮೆರಿಕದ ಕಪ್ಪು ಜನರ ನಡುವೆ, ಅಲ್ಲಿನ ಹಳ್ಳಿಗಳಲ್ಲಿ ಊರಿನವರನ್ನೇ ಜೊತೆಗೆ ಸೇರಿಸಿಕೊಂಡು ಸಂಶೋಧನೆ ಮಾಡುತ್ತಾರೆ, ಓದು ಅಂದರು. ಓದಲು ಕೂತರೆ ಎಲ್ಲಾ ದೊಡ್ಡ ದೊಡ್ಡ ಮಾತು. ಅಜ್ಜಿಗೆ ಏನು ಹೇಳಬೇಕು ಅನ್ನೋದು ಮಾತ್ರ ಸಿಗಲಿಲ್ಲ.

ಉತ್ತರ: ಬೀದರ್ ಮೇಷ್ಟ್ರು

ಅಜ್ಜಿ ಕೇಳಿದ್ದೇ ಮೂಲ ಪ್ರಶ್ನೆ ಕಣಮ್ಮ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸುಮಾರು 600 ಕಪ್ಪು ಗಂಡಸರ ಮೇಲೆ ಒಂದು ಅಧ್ಯಯನ ನಡೆಯಿತು. 399 ಜನಕ್ಕೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇತ್ತು. "ನಿಮ್ಮ ರಕ್ತ ಕೆಟ್ಟಿದೆ, ಚಿಕಿತ್ಸೆ ಕೊಡುತ್ತೇವೆ" ಅಂತ ನಂಬಿಸಿದರು. ಅದನ್ನು ವಾಸಿ ಮಾಡುವ ಪೆನಿಸಿಲಿನ್ ಬಂದಮೇಲೂ ಕೊಡಲಿಲ್ಲ. ಅದು ಸರ್ಕಾರವೇ ನಡೆಸಿದ ಅಧ್ಯಯನ. ಆಮೇಲೆ ಅಲ್ಲಿನ ಜನ ಡಾಕ್ಟರನ್ನು ನಂಬಬೇಕು ಅಂದ್ರೆ ಹೇಗೆ ನಂಬುತ್ತಾರೆ?

ಇನ್ನೊಂದನ್ನೂ ಓದು. ಲಾಸ್ ಏಂಜಲೀಸಿನಲ್ಲಿ ಕಪ್ಪು ಗಂಡಸರ ಬಿಪಿ ಇಳಿಸಲು 52 ಕ್ಷೌರದ ಅಂಗಡಿಗಳನ್ನು ಹಿಡಿದರು. ಫಲಿತಾಂಶ ಬಂದದ್ದು 2018ರಲ್ಲಿ. ಕ್ಷೌರಿಕರು ಬುದ್ಧಿ ಹೇಳಿ ಡಾಕ್ಟರ ಹತ್ತಿರ ಹೋಗಿ ಅಂದ ಕಡೆ, ಆರು ತಿಂಗಳಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 9ರಷ್ಟು ಇಳಿಯಿತು. ಫಾರ್ಮಸಿಸ್ಟ್ ಅಂಗಡಿಗೇ ಬಂದು ಮಾತ್ರೆ ಬರೆದುಕೊಟ್ಟ ಕಡೆ 27ರಷ್ಟು. ಬರೀ ಉಪದೇಶಕ್ಕೂ ಇದಕ್ಕೂ ಎಷ್ಟು ಫರಕು ನೋಡು.

ಉತ್ತರ: ಯಾದಗಿರಿ ಆಶಾ

ತಂಗಿ, ಹನ್ನೊಂದು ವರ್ಷದಿಂದ ಆಶಾ ಕೆಲಸ ಮಾಡುತ್ತಿದ್ದೇನೆ. ಫಾರಂ ಪಕ್ಕಕ್ಕಿಡು. "ಕಬ್ಬಿಣದ ಮಾತ್ರೆ ತಗೊಂಡ್ರಾ" ಅಂದರೆ ಎಲ್ಲರೂ ಹೂಂ ಅಂತಾರೆ. ಒಮ್ಮೆ ಒಬ್ಬರ ಮನೆಯಲ್ಲಿ ಜೋಳದ ಡಬ್ಬಿ ತೆಗೆದರು, ಒಳಗೆ ನಾನೇ ಕೊಟ್ಟ ಮಾತ್ರೆಯ ಎಲೆಗಳು! ಒಂದೂ ಒಡೆದಿರಲಿಲ್ಲ. ಮಾತ್ರೆ ತಗೊಂಡರೆ ಮಲ ಕಪ್ಪಗೆ ಹೋಗುತ್ತೆ, ಅದನ್ನು ನೋಡಿ ಅತ್ತೆ ಹೆದರಿ ಬಿಡಿಸಿದ್ದಳು. ಕಪ್ಪಗಾಗೋದು ಸಹಜ ಅಂತ ನಾನೇ ಹೇಳಿರಲಿಲ್ಲ. ತಪ್ಪು ನನ್ನದೇ. ನಿನ್ನ 42 ಪ್ರಶ್ನೆಯಲ್ಲಿ ಅತ್ತೆ ಇದ್ದಾಳಾ?

ಮತ್ತೆ: ಚಿಂಚೋಳಿ ಬಸ್ಸು

ಇಲ್ಲ ಅಕ್ಕಾ, ಅತ್ತೆ ಇಲ್ಲ!

ಭಾನುವಾರ ಫಾರಂ ಇಲ್ಲದೆ ಹೋದೆ. ಹಳೇ ರಿಪೋರ್ಟ್ ಕೊನೆಗೂ ಸಿಗಲಿಲ್ಲ, ಹಾಗಂತಲೇ ಅಜ್ಜಿಗೆ ಹೇಳಿದೆ. ರಕ್ತದ ಹಿಮೋಗ್ಲೋಬಿನ್ ಅಳೆಯುವ ಮೀಟರ್ ತೆಗೆದು ಮೊದಲು ನನ್ನ ಬೆರಳೇ ಚುಚ್ಚಿಕೊಂಡೆ. 9.8 ಬಂತು. ಹೆಂಗಸರಿಗೆ 12 ಇರಬೇಕು. "ಮಾತ್ರಿ ನಿನಗ ಬೇಕವ್ವ!" ಅಂತ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಏಳು ಜನ ತಾವೇ ಬೆರಳು ಚಾಚಿದರು. ಬಂದ ಅಂಕಿಯನ್ನು ಅಲ್ಲೇ ಚೀಟಿಯಲ್ಲಿ ಬರೆದು ಅವರವರ ಕೈಗೇ ಕೊಟ್ಟೆ.

ಅವರು ಕೇಳಿದ್ದು ನನ್ನ ಫಾರಂನಲ್ಲಿ ಇಲ್ಲವೇ ಇಲ್ಲ. ದೀಪಾವಳಿ ಆದಮೇಲೆ ಅರ್ಧ ತಾಂಡಾಕ್ಕೆ ಬೀಗ, ಎಲ್ಲರೂ ಕಬ್ಬು ಕಡಿಯಲು ಗುಳೆ. ಗದ್ದೆಯ ಗುಡಿಸಲಿನಲ್ಲಿ ಬಸುರಿಗೆ ಮಾತ್ರೆ ಯಾರು ಕೊಡುತ್ತಾರೆ? ಇದನ್ನೇ ನನ್ನ ಪ್ರಾಜೆಕ್ಟಿನ ಪ್ರಶ್ನೆ ಮಾಡಲೇ ಅಂತ ಸರ್‌ಗೆ ಕೇಳಿದ್ದೇನೆ.

ಉತ್ತರ: ಯಾದಗಿರಿ ಆಶಾ

ಮಾಡು. ಅವರು ಹೊರಡುವ ಮುಂಚೆ ಪಿಎಚ್‌ಸಿ ಡಾಕ್ಟರನ್ನು ಕಂಡು, ಮೂರು ತಿಂಗಳಿನದು ಒಟ್ಟಿಗೇ ಕೊಡೋಕೆ ಆಗುತ್ತಾ ಕೇಳು. ತಾಯಿ ಕಾರ್ಡ್ ಗಂಟಿನಲ್ಲಿ ಕಟ್ಟಿಕೊಂಡಿದ್ದಾರಾ ಅಂತಲೂ ನೋಡು. ಮತ್ತೆ ತಂಗಿ, 9.8 ಅಂದ್ರೆ ಸುಮ್ನೆ ಬಿಡೋ ಮಾತಲ್ಲ. ನೀನೂ ತೋರಿಸ್ಕೋ. ಊಟ ಆದ ತಕ್ಷಣ ಚಹಾ ಕುಡೀಬೇಡ.