ಹೊಲಕ್ಕೆ ಫ್ಯಾನ್ ಹಾಕ್ತೀವಿ ಅಂತಿದ್ದಾರೆ, ಕೊಡಬಹುದಾ?

ನಾನಿರೋದು ಯಲಹಂಕದಲ್ಲಿ. ಗದಗ ಕಡೆ ಅಪ್ಪನ ಹೆಸರಲ್ಲಿ ಆರು ಎಕರೆ ಎರೆ ಹೊಲ ಇದೆ. ಗಾಳಿ ಫ್ಯಾನ್‌ಗಳಿಂದ ಕರೆಂಟ್ ತೆಗೆಯೋ ವಿಂಡ್ ಕಂಪನಿಯ ಏಜೆಂಟ್ ಎರಡೂವರೆ ಎಕರೆಯನ್ನು 30 ವರ್ಷದ ಲೀಸಿಗೆ ಕೇಳುತ್ತಿದ್ದಾನೆ. ಅಪ್ಪ ಸಹಿ ಹಾಕೋಕೆ ರೆಡಿ. ಕೊಟ್ಟವರು, ಈ ಲೈನಿನಲ್ಲಿ ಇರುವವರು ನಿಮ್ಮ ಅನುಭವ ಹೇಳಿ.

ರಾಜಾಜಿನಗರದಿಂದ:
ನಮ್ಮ ಹೊಲ ಚಿತ್ರದುರ್ಗದ ಹತ್ತಿರ. ಕೊಟ್ಟಿದ್ದೇವೆ, ಬಾಡಿಗೆ ಸರಿಯಾಗಿ ಬರುತ್ತಿದೆ. ಫ್ಯಾನಿನ ಬುಡಕ್ಕೆ ಹೋಗೋ ಜಾಗ ಹೆಚ್ಚೇನಿಲ್ಲ. 20 ಮೀಟರ್ ಆಸುಪಾಸಿನ ಕಾಂಕ್ರೀಟ್, ಅದರ ಮೇಲೂ ಮಣ್ಣು ಮುಚ್ಚುತ್ತಾರೆ. ಹೊಲ ತಿನ್ನೋದು ದಾರಿ. ಈಗಿನ ದೊಡ್ಡ ಫ್ಯಾನಿನ ಒಂದೊಂದು ರೆಕ್ಕೆ 70 ಮೀಟರ್ ದಾಟುತ್ತೆ. ಅದನ್ನು ಹೊತ್ತ ಟ್ರೇಲರ್ ತಿರುಗಬೇಕಲ್ವಾ? ತಿರುವಿನಲ್ಲಿದ್ದ ನಮ್ಮ ಬದು ಕಿತ್ತು, ಗರಸು ಸುರಿದು ರೋಲರ್ ಹೊಡೆದರು. ಕ್ರೇನ್ ನಿಂತಿದ್ದ ಕಡೆ ಇವತ್ತಿಗೂ ಕುಂಟೆ ಇಳಿಯಲ್ಲ. ಮಳೆ ನೀರು ಹರಿಯೋ ದಿಕ್ಕೇ ಬದಲಾಗಿ ಕೆಳಗಿನ ಹೊಲದವರ ಜೊತೆ ಜಗಳ ಬೇರೆ. ದಾರಿ, ಕ್ರೇನ್ ಜಾಗ, 33 ಕೆವಿ ಲೈನಿನ ಕಂಬ ಎಲ್ಲೆಲ್ಲಿ ಬರುತ್ತೆ ಅಂತ ನಕ್ಷೆಯಲ್ಲಿ ಗುರುತು ಹಾಕಿಸಿ, ಕರಾರಿಗೇ ಸೇರಿಸಿ. 'ಆಮೇಲೆ ನೋಡೋಣ ಯಜಮಾನ್ರೇ' ಅಂದರೆ ಒಪ್ಪಬೇಡಿ.

ಮಾರತ್ತಹಳ್ಳಿಯಿಂದ:
ಬೆಂಗಳೂರಲ್ಲೇ ಕೂತು ಊರೂರಿನ ಫ್ಯಾನ್‌ಗಳ ಸ್ಕಾಡಾ (ಫ್ಯಾನ್ ಹೇಗೆ ಓಡ್ತಿದೆ ಅಂತ ದೂರದಿಂದಲೇ ತೋರಿಸೋ ಕಂಪ್ಯೂಟರ್ ವ್ಯವಸ್ಥೆ) ನೋಡೋದು ನನ್ನ ಕೆಲಸ. ನಾಳೆ ಎಷ್ಟು ಕರೆಂಟ್ ಬರುತ್ತೆ ಅಂತ 15 ನಿಮಿಷಕ್ಕೊಂದರಂತೆ 96 ಲೆಕ್ಕ ಮುಂಚೆಯೇ ಕೊಡಬೇಕು, ಜಾಸ್ತಿ ತಪ್ಪಿದರೆ ಕಂಪನಿಗೆ ದಂಡ. ಜೂನ್‌ನಿಂದ ಆಗಸ್ಟ್‌ವರೆಗೆ ಭರ್ಜರಿ ಗಾಳಿ. ಆಮೇಲೆ ಸುಮ್ನೆ ನಿಂತಿರೋ ದಿನಗಳೂ ಉಂಟು. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಲ್ಲಿನ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತೆ! ಹಾಗಾಗಿ ಯೂನಿಟ್‌ಗೆ ಇಷ್ಟು ಪೈಸೆ ಅನ್ನೋ ಆಸೆಗೆ ಬೀಳಬೇಡಿ. ವರ್ಷಕ್ಕೆ ಇಷ್ಟು ಅಂತ ಬಾಡಿಗೆ ಬರೆಸಿಕೊಳ್ಳಿ, ಏರಿಕೆ ಸಮೇತ. ಮನೆ ಹೊಲದಲ್ಲೇ ಇದ್ದರೆ ರಾತ್ರಿ ಸದ್ದಿನ ಬಗ್ಗೆಯೂ ಯೋಚಿಸಿ.

ಜಯನಗರದಿಂದ:
ವಕೀಲೆಯಾಗಿ ಹೇಳ್ತೀನಿ, ನೋಟರಿ ಸಾಲದು. ಲೀಸ್ ಸಬ್‌ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಲೇಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳಿಗೂ ಪಾಲಿದೆ, ಅವರ ಸಹಿಯೂ ಇರಲಿ. ಅವಧಿ ಮುಗಿದ ಮೇಲೆ ಗೋಪುರ, ಕಾಂಕ್ರೀಟ್ ಯಾರ ಖರ್ಚಲ್ಲಿ ತೆಗೀಬೇಕು ಅಂತ ಬರೆದಿದೆಯಾ ನೋಡಿ. ಸಾಮಾನ್ಯವಾಗಿ ಜಾರಿಕೊಳ್ಳೋದು ಅಲ್ಲೇ.

ಯಲಹಂಕದಿಂದ:
ಕರಡು ತರಿಸಿ ನೋಡಿದೆ. ನಕ್ಷೆಯೇ ಇಲ್ಲ. ದಾರಿಗೆ 'ಅಗತ್ಯವಿರುವಷ್ಟು ಜಾಗ' ಅಂತ ಬರೆದಿದ್ದಾರೆ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಬಸ್ ಹತ್ತುತ್ತಿದ್ದೇನೆ, ಅಲ್ಲಿವರೆಗೆ ಸಹಿ ಬೇಡ ಅಂತ ಅಪ್ಪನಿಗೆ ಹೇಳಿದ್ದೀನಿ. ಪಾಲಿನ ವಿಷಯಕ್ಕೆ ಸೋದರತ್ತೆಗೂ ಫೋನ್ ಮಾಡಬೇಕು.