ಅಪ್‌ಡೇಟ್: ಹಿಲ್ ಸೈಫರ್ ಕೀಲಿ ಸಿಕ್ಕಿತು, ದಾರಿ ತೋರಿಸಿದ್ದು ಕುಂಬಳೆ
ಕಾಸರಗೋಡಿನ ನಮ್ಮ ಕಾಲೇಜಿನ ಗಣಿತ ಕೂಟ ಕೊಟ್ಟ ಗುಪ್ತಸಂದೇಶ ಒಡೆಯುವುದು ಹೇಗೆ ಅಂತ ಕೇಳಿದ್ದೆನಲ್ಲ, ಒಡೆದಾಯಿತು! ಅದು ಹಿಲ್ ಸೈಫರ್, ಅಂದ್ರೆ 1929ರಲ್ಲಿ ಲೆಸ್ಟರ್ ಹಿಲ್ ಪ್ರಕಟಿಸಿದ ಗುಪ್ತಲಿಪಿ ವಿಧಾನ. ಎ ಅಂದ್ರೆ 0, ಝಡ್ ಅಂದ್ರೆ 25. ಎರಡೆರಡು ಇಂಗ್ಲಿಷ್ ಅಕ್ಷರಗಳನ್ನು 2×2 ಮ್ಯಾಟ್ರಿಕ್ಸ್‌ನಿಂದ (ಎರಡು ಅಡ್ಡಸಾಲು, ಎರಡು ಕಂಬಸಾಲಿನ ಸಂಖ್ಯೆಗಳ ಚೌಕ, ಇದೇ ಕೀಲಿ) ಗುಣಿಸಿ, 26ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳುವುದು.

ಸಂದೇಶದ ಮೊದಲ ಪದ ಕಾಸರಗೋಡು (KASARAGOD), ಕೊನೆಯದು ಕುಂಬಳೆ ಊರಿನ ಹೆಸರು (KUMBLA) ಅನ್ನುವ ಸುಳಿವು ಇತ್ತು. ಕಾಸರಗೋಡು ಅರ್ಧ ದಾರಿಗೇ ನಿಂತಿತು. ಕೆಎ, ಎಸ್‌ಎ, ಆರ್‌ಎ, ಜಿಒ: ಯಾವ ಎರಡು ಜೋಡಿ ಹಿಡಿದರೂ ಡಿಟರ್ಮಿನೆಂಟ್ (ನಾಲ್ಕು ಸಂಖ್ಯೆಗಳನ್ನು ಓರೆಯಾಗಿ ಗುಣಿಸಿ ಕಳೆದರೆ ಬರುವುದು) ಸಮಸಂಖ್ಯೆ. 26 ಕೂಡ ಸಮ, ಹಾಗಾಗಿ ವಿಲೋಮ, ಅಂದ್ರೆ ಗುಣಿಸಿದ್ದನ್ನು ಹಿಂದಕ್ಕೆ ತಿರುಗಿಸುವ ಮ್ಯಾಟ್ರಿಕ್ಸ್, ಸಿಗುವುದಿಲ್ಲ.

ಕುಂಬಳೆಯ ಕೊನೆಯ ‘ಎಲ್‌ಎ’ ನೋಡಿ, ಎಷ್ಟು ಚೆಂದ! 11, 0. ಅದರ ಸೈಫರ್ ಜೋಡಿಯನ್ನು (ಗುಪ್ತಸಂದೇಶದಲ್ಲಿ ಅದರ ಜಾಗದಲ್ಲಿರುವ ಎರಡಕ್ಷರ) 19ರಿಂದ ಗುಣಿಸಿದರೆ ಕೀಲಿಯ ಮೊದಲ ಕಂಬಸಾಲು ಬಂತು. 11×19 ಅಂದ್ರೆ 209, ಶೇಷ 1, ಅದಕ್ಕೇ 19. ‘ಎಮ್‌ಬಿ’ ಅಂದ್ರೆ 12, 1. ಅದರ ಸೈಫರ್‌ನಿಂದ ಮೊದಲ ಕಂಬಸಾಲಿನ 12 ಪಟ್ಟು ಕಳೆದರೆ ಎರಡನೆಯದೂ ಸಿದ್ಧ. ‘ಕೆಯು’ ಇಟ್ಟು ತಾಳೆ ನೋಡಿದೆ, ಸರಿಯಾಗಿ ಕೂತಿತು.

ಗೊತ್ತಿರುವ ಪದ ಹುಡುಕಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಇನ್ನು 3×3 ಕೀಲಿಯ ಸಂದೇಶ ಬಾಕಿ ಇದೆ. ಅದಕ್ಕೆ ಮೂರಕ್ಷರದ ಮೂರು ತುಂಡು ಬೇಕು, ಅಲ್ವಾ?