ಅಪ್‌ಡೇಟ್: ರೋಲರ್ ಕೋಸ್ಟರ್ ಹೆಸರಿನ ಊಹಾಪೋಹ

ಬ್ರಿಟನ್ನಿನ ಥಾರ್ಪ್ ಪಾರ್ಕ್ ಎಂಬ ಮನರಂಜನಾ ಉದ್ಯಾನದ ಹೊಸ ರೋಲರ್ ಕೋಸ್ಟರ್‌ಗೆ ‘ಪ್ರಾಜೆಕ್ಟ್ ಎಕ್ಸೋಡಸ್’ ಎಂಬ ತಾತ್ಕಾಲಿಕ ಸಾಂಕೇತಿಕ ಹೆಸರಿದ್ದಾಗ, ಅದರಿಂದಲೇ ಕಥಾವಸ್ತುವನ್ನು ಊಹಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಮುಂದೇನಾಯಿತೆಂದು ಹೇಳದೆ ಸುಮ್ಮನಿರುವುದು ಸರಿಯಲ್ಲ.

ಕೊನೆಗೆ ಬಂದ ಹೆಸರು ಹೈಪೀರಿಯಾ. ಭಯವನ್ನು ಗೆದ್ದ ದೇವತೆಯ ಕಥೆ, ಚಿನ್ನದ ಬಣ್ಣದ ರೆಕ್ಕೆಗಳು. 2024ರ ಮೇ ತಿಂಗಳಲ್ಲಿ ತೆರೆಯಿತು. ಎತ್ತರ 236 ಅಡಿ. 1994ರಿಂದ ಬ್ಲ್ಯಾಕ್‌ಪೂಲ್‌ನ ‘ಬಿಗ್ ಒನ್’ ಹೊತ್ತಿದ್ದ ದೇಶದ ಅತಿ ಎತ್ತರದ ಕೋಸ್ಟರ್ ಎಂಬ ಪಟ್ಟ ಇದರ ಪಾಲಾಯಿತು.

ಸಾಂಕೇತಿಕ ಹೆಸರನ್ನು ಹಿಡಿದು ಕಥೆ ಹೆಣೆಯುವುದು ದಂಡ ಎಂದು ಒಬ್ಬರು ಬರೆದಿದ್ದರು. ನನಗೂ ಈಗ ಹಾಗೆಯೇ ಅನಿಸುತ್ತದೆ. ಬ್ರಿಟನ್ನಿನದೇ ಇನ್ನೊಂದು ಉದ್ಯಾನ ಆಲ್ಟನ್ ಟವರ್ಸ್ ತನ್ನ ಹಲವು ಯೋಜನೆಗಳನ್ನು ‘ಸೀಕ್ರೆಟ್ ವೆಪನ್’ (ರಹಸ್ಯ ಅಸ್ತ್ರ) ಎಂದು ಎಣಿಸುತ್ತಾ ಬಂದಿತ್ತು. 2018ರ ‘ವಿಕರ್ ಮ್ಯಾನ್’ ಕೋಸ್ಟರ್ ಆ ಸಾಲಿನಲ್ಲಿ ಎಂಟನೆಯದು. ಆ ಎಂಟರಿಂದ ಉರಿಯುವ ಮರದ ಮನುಷ್ಯನನ್ನು ಯಾರು ತಾನೇ ಊಹಿಸಿಯಾರು?

ಕಟ್ಟಡ ಅನುಮತಿಯ ಕಾಗದಪತ್ರಗಳು ಮಾತ್ರ ನಿಜಕ್ಕೂ ಉಪಯುಕ್ತ. ಎತ್ತರ, ಶಬ್ದ, ಹಳಿಯ ತಿರುವು ಎಲ್ಲವೂ ಅಲ್ಲಿರುತ್ತವೆ, ಏಕೆಂದರೆ ಸ್ಥಳೀಯ ಆಡಳಿತಕ್ಕೆ ಬೇಕಾದದ್ದು ಅದೇ. ದೇವತೆಯೋ ದೆವ್ವವೋ ಎಂಬುದು ಅವರಿಗೆ ಬೇಕಿಲ್ಲ. ಟ್ರೇಡ್‌ಮಾರ್ಕ್ ಅರ್ಜಿಗಳು ಇನ್ನೊಂದು ಸುಳಿವು. ಆದರೆ ಬಳಸದ ಹೆಸರುಗಳನ್ನೂ ಕಂಪನಿಗಳು ನೋಂದಾಯಿಸಿಕೊಳ್ಳಬಹುದು. ಸಿಕ್ಕಿತೆಂದು ಕುಣಿಯುವ ಹಾಗಿಲ್ಲ.